ಯಾರು ನಿಜ, ಯಾರು ತೋರಿಕೆ? ಒಲ್ಲದ ಕಚೇರಿಯಲ್ಲಿ ದುಡಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತೆರಡು ವರ್ಷಗಳಲ್ಲಿ ನಾಲ್ಕು ಕಚೇರಿಗಳಲ್ಲಿ ಕೆಲಸ ಮಾಡಿದ್ದೇನೆ. ಒಂದು ನನ್ನನ್ನು ಬರಮಾಡಿಕೊಂಡಿತು, ಎರಡು ಸಹಿಸಿಕೊಂಡವು, ಇನ್ನೊಂದು ಮೊದಲ ದಿನದಿಂದ ಕೊನೆಯ ದಿನದವರೆಗೂ ವಿಳಾಸ ತಪ್ಪಿ ಬಂದ ಕಾಗದವನ್ನು ನೋಡುವಂತೆ ನನ್ನನ್ನು ನೋಡಿತು. ಅಲ್ಲಿ ಕಳೆದ ಮೂರು ವರ್ಷಗಳ ಫಲವೋ ಏನೋ, ಕಿರಿಯ ಸಹೋದ್ಯೋಗಿಗಳು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳುವ ಪ್ರಶ್ನೆಗಳು ನನಗೆ ಈಗ ಹಳೆಯ ಪರಿಚಯದಂತೆ ಕಾಣುತ್ತವೆ. ಅವನ್ನೇ ಇಲ್ಲಿ ಒಟ್ಟುಮಾಡಿದ್ದೇನೆ. ನಾನು ಮನಶ್ಶಾಸ್ತ್ರ ಓದಿದವನಲ್ಲ. ಆ ಶಾಸ್ತ್ರದವರು ಕಂಡುಕೊಂಡ ಕೆಲವು ಸಂಗತಿಗಳು ನನ್ನ ಕೈ ಹಿಡಿದಿವೆ, ಅವು ಅಲ್ಲಲ್ಲಿ ಬರುತ್ತವೆ. ಉಳಿದದ್ದು ನನ್ನ ಅನುಭವ ಮತ್ತು ನನ್ನ ಹಟ.

ಮೊದಲ ಭೇಟಿಯಲ್ಲೇ ಒಬ್ಬರು ನಿಜವೋ ನಾಟಕವೋ ಎಂದು ತಿಳಿಯಬಹುದೇ?

ಇಲ್ಲ. ತಿಳಿಯುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ.

ಸುಳ್ಳನ್ನು ಜನ ಎಷ್ಟರಮಟ್ಟಿಗೆ ಗುರುತಿಸಬಲ್ಲರು ಎಂದು ನಡೆದ ಇನ್ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಸರಿಯಾದ ತೀರ್ಪಿನ ಸರಾಸರಿ ಶೇಕಡಾ 54. ನಾಣ್ಯ ಚಿಮ್ಮಿದ್ದರೂ ಶೇಕಡಾ 50 ಸಿಗುತ್ತಿತ್ತು! ಕಣ್ಣು ತಪ್ಪಿಸುವವನು ಸುಳ್ಳ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವನು ಸತ್ಯವಂತ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಆದರೆ ಸಂಕೋಚದ ಸ್ವಭಾವದವರು ಸತ್ಯ ಹೇಳುವಾಗಲೂ ನೆಲ ನೋಡುತ್ತಾರೆ, ಪಳಗಿದ ಸುಳ್ಳರು ಈ ನಂಬಿಕೆಯನ್ನು ನಮಗಿಂತ ಮೊದಲೇ ತಿಳಿದುಕೊಂಡಿರುತ್ತಾರೆ.

ಮೊದಲ ನೋಟದಲ್ಲಿ ಏನೂ ಗೊತ್ತಾಗುವುದಿಲ್ಲ ಎಂದಲ್ಲ. ಉತ್ಸಾಹ, ಗೆಲುವು, ಮಾತಿನ ಸಲೀಸು ಇವು ಅರೆ ನಿಮಿಷದಲ್ಲೇ ಗೊತ್ತಾಗುತ್ತವೆ. ಇವುಗಳಲ್ಲಿ ಯಾವುದೂ ಪ್ರಾಮಾಣಿಕತೆಯಲ್ಲ ಎಂಬುದನ್ನು ಮರೆತಾಗ ನಾವು ಎಡವುತ್ತೇವೆ.

ಹಾಗಾದರೆ ಏನನ್ನು ನೋಡಿ ಅಳೆಯಬೇಕು?

ಒಂದು ಒಳ್ಳೆಯ ಮಾತಿಗೆ, ಒಂದು ಒಳ್ಳೆಯ ನಡತೆಗೆ ಆ ವ್ಯಕ್ತಿ ತೆತ್ತದ್ದೇನು ಎಂಬುದನ್ನು. ಖರ್ಚಿಲ್ಲದ ಒಳ್ಳೆಯತನ ಸುಳ್ಳೇ ಆಗಿರಬೇಕಿಲ್ಲ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ನಗು, ನಮಸ್ಕಾರ, ಹುಟ್ಟುಹಬ್ಬದ ಸಂದೇಶ, "ಏನು ಬೇಕಾದರೂ ಕೇಳಿ" ಎಂಬ ಭರವಸೆ ಎಲ್ಲವೂ ಪುಕ್ಕಟೆ. ಕಾಸು ಬಿಚ್ಚಬೇಕಾದ ಗಳಿಗೆ ಬೇರೆಯೇ ಇರುತ್ತದೆ.

ಆ ಒಲ್ಲದ ಕಚೇರಿಯಲ್ಲಿ ಇಬ್ಬರು ಹಿರಿಯರಿದ್ದರು. ಒಬ್ಬರು ಬೆಳಿಗ್ಗೆ ಎದುರಾದರೆ ಹೆಗಲ ಮೇಲೆ ಕೈ ಹಾಕಿ ಮನೆಯವರೆಲ್ಲರ ಕ್ಷೇಮ ವಿಚಾರಿಸುತ್ತಿದ್ದರು. ಇನ್ನೊಬ್ಬರು ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲು ಎಂಟು ತಿಂಗಳು ತೆಗೆದುಕೊಂಡರು. ಒಂದು ದಿನ ನಾನು ತಯಾರಿಸಿದ ವರದಿಯಲ್ಲಿ ದೊಡ್ಡ ತಪ್ಪೊಂದು ಸಿಕ್ಕಿತು. ಮೂಲ ಅಂಕಿಗಳನ್ನು ಕೊಟ್ಟದ್ದು ಅವರಿಬ್ಬರು. ಮೀಟಿಂಗಿನಲ್ಲಿ ಹೆಗಲ ಮೇಲೆ ಕೈ ಹಾಕುವವರು ಕಾಗದಗಳಲ್ಲಿ ಏನನ್ನೋ ಹುಡುಕತೊಡಗಿದರು. ಹೆಸರು ಬಾರದವರು ತಲೆ ಎತ್ತಿ, "ಅಂಕಿ ನಾನು ಕೊಟ್ಟದ್ದು, ಪರಿಶೀಲಿಸದೆ ಕೊಟ್ಟೆ" ಎಂದರು. ಅಷ್ಟೇ. ಆ ಮೇಲೂ ಅವರು ನನ್ನೊಡನೆ ಆತ್ಮೀಯರೇನೂ ಆಗಲಿಲ್ಲ, ನನ್ನ ಹೆಸರಿನ ದೀರ್ಘವನ್ನು ಇನ್ನೂ ನುಂಗುತ್ತಲೇ ಇದ್ದರು. ಆದರೆ ಅವರ ಮಾತನ್ನು ನಾನು ಎರಡನೇ ಸಲ ತೂಗಿ ನೋಡುವುದನ್ನು ಬಿಟ್ಟೆ.

ಆದ್ದರಿಂದ ತಪ್ಪು ಹಂಚಿಕೆಯಾಗುವ ಹೊತ್ತನ್ನು ಗಮನಿಸಿ. ಹೊಗಳಿಕೆ ಹಂಚಿಕೆಯಾಗುವ ಹೊತ್ತನ್ನೂ ಗಮನಿಸಿ. ಅಲ್ಲಿ ಯಾರ ಹೆಸರು ಬಿಟ್ಟುಹೋಗುತ್ತದೆ, ಅದನ್ನು ಯಾರು ನೆನಪಿಸುತ್ತಾರೆ ಎಂಬುದು ಬಹಳ ಹೇಳುತ್ತದೆ. ಇಲ್ಲದವರ ಬಗ್ಗೆ ನಿಮ್ಮೆದುರು ಹೇಗೆ ಆಡುತ್ತಾರೋ, ನೀವಿಲ್ಲದಾಗ ನಿಮ್ಮ ಬಗ್ಗೆಯೂ ಹಾಗೆಯೇ ಆಡುತ್ತಾರೆ ಎಂದು ಹಿರಿಯರು ಹೇಳುವುದು ಬಹುಮಟ್ಟಿಗೆ ನಿಜ. ಸಣ್ಣ ಮಾತು ಉಳಿಸಿಕೊಳ್ಳುತ್ತಾರೆಯೇ ನೋಡಿ: ನಾಳೆ ಕಡತ ಕಳುಹಿಸುತ್ತೇನೆ ಎಂದದ್ದು ನಾಳೆ ಬರುತ್ತದೆಯೇ? ಎಲ್ಲಕ್ಕಿಂತ ಹೆಚ್ಚಾಗಿ, ಒಮ್ಮೆ ಅವರಿಗೆ ಮೃದುವಾಗಿ "ಇಲ್ಲ, ಆಗುವುದಿಲ್ಲ" ಎಂದು ಹೇಳಿ. ನಿಜವಾದ ಸೌಜನ್ಯ ಒಂದು "ಇಲ್ಲ"ವನ್ನು ತಾಳಿಕೊಳ್ಳುತ್ತದೆ. ತೋರಿಕೆಯದು ಮರುದಿನವೇ ಬಣ್ಣ ಬಿಡುತ್ತದೆ.

ಎಲ್ಲರ ಮುಂದೆ ಒಂದು ಮುಖ, ನನ್ನ ಮುಂದೆ ಇನ್ನೊಂದು. ಇದು ಕಪಟವೇ ಅಲ್ಲವೇ?

ಮುಖ ಬದಲಾಯಿಸುವುದಷ್ಟೇ ಕಪಟವಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಮೇಲಧಿಕಾರಿಯ ಕೋಣೆಯಲ್ಲಿ ನೀವೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1950ರ ದಶಕದಲ್ಲೇ ಇದನ್ನು ರಂಗಮಂಚ ಮತ್ತು ನೇಪಥ್ಯದ ಹೋಲಿಕೆಯಿಂದ ವಿವರಿಸಿದ್ದರು: ನಾಲ್ಕು ಜನರ ನಡುವೆ ಬದುಕುವವರೆಲ್ಲರಿಗೂ ಎರಡೂ ಬೇಕು.

ನಾನು ಇಟ್ಟುಕೊಂಡಿರುವ ಗೆರೆ ಇದು: ದನಿ ಬದಲಾದರೆ ಅದು ನಯ, ಸಂಗತಿಯೇ ಬದಲಾದರೆ ಅದು ಕಪಟ. "ನಿಮ್ಮ ಯೋಜನೆಯಲ್ಲಿ ಖರ್ಚಿನ ಲೆಕ್ಕ ಕಚ್ಚಾ ಇದೆ" ಎಂದು ನನ್ನೆದುರು ಹೇಳಿದವರು ಮೇಲಿನವರೆದುರು "ಖರ್ಚಿನ ಭಾಗವನ್ನು ಇನ್ನೊಮ್ಮೆ ನೋಡಿದರೆ ಒಳ್ಳೆಯದು" ಎಂದರೆ ಸಂಗತಿ ಒಂದೇ. ನನ್ನೆದುರು "ಅದ್ಭುತ", ಅಲ್ಲಿ "ಪ್ರಯೋಜನವಿಲ್ಲ" ಎಂದಿದ್ದರೆ ಆ ಅದ್ಭುತವನ್ನು ಅವರಿಗೇ ವಾಪಸು ಕೊಟ್ಟುಬಿಡಿ.

"ನಾನು ಮುಖದ ಮೇಲೆ ಹೇಳುವವನು" ಎನ್ನುವವರೇ ನಿಜವಾದವರಲ್ಲವೇ?

ಅವರು ಮೇಲಿನವರ ಮುಖದ ಮೇಲೂ ಹೇಳುತ್ತಾರೆಯೇ ನೋಡಿ. ಕೆಳಗಿನವರ ಮುಖ ಮಾತ್ರ ಸಿಗುತ್ತದೆ ಎಂದಾದರೆ ಅದಕ್ಕೆ ಬೇರೆ ಹೆಸರಿದೆ.

ನನ್ನ ತೀರ್ಪು ಎಲ್ಲಿ ತಪ್ಪುತ್ತದೆ?

ಸನ್ನಿವೇಶವನ್ನು ಬಿಟ್ಟು ಮನುಷ್ಯನನ್ನೇ ನೋಡುವಲ್ಲಿ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಒಂದು ಪ್ರಯೋಗ ಮಾಡಿದರು. ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ ಪರವಾಗಿ ಅಥವಾ ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಓದುಗರಿಗೆ ಕೊಟ್ಟರು. ಯಾವ ಪಕ್ಷ ವಹಿಸಬೇಕು ಎಂಬುದನ್ನು ಬರೆದವರು ಆರಿಸಿಕೊಂಡಿರಲಿಲ್ಲ, ಅದು ಅವರಿಗೆ ವಹಿಸಿದ ಕೆಲಸವಾಗಿತ್ತು ಎಂದು ಸ್ಪಷ್ಟವಾಗಿ ಹೇಳಿದ ಮೇಲೂ, ಪರವಾಗಿ ಬರೆದವರು ಒಳಗೊಳಗೆ ಕ್ಯಾಸ್ಟ್ರೋ ಕಡೆಯವರೇ ಇರಬೇಕು ಎಂದು ಓದುಗರು ಭಾವಿಸಿದರು. ಹತ್ತು ವರ್ಷಗಳ ನಂತರ ಲೀ ರಾಸ್ ಈ ಚಾಳಿಗೆ ಒಂದು ಶಾಸ್ತ್ರೀಯ ಹೆಸರನ್ನೂ ಕೊಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಾಣವನ್ನು ಬೈದು ಬಿಲ್ಲನ್ನು ಮರೆಯುವುದು.

ನನ್ನದೇ ಉದಾಹರಣೆ ಕೊಡುತ್ತೇನೆ, ಹೆಮ್ಮೆಯಿಂದಲ್ಲ. ಒಬ್ಬ ಸಹೋದ್ಯೋಗಿ ನನ್ನ ಪ್ರತಿ ಸಣ್ಣ ತಪ್ಪನ್ನೂ ಇಮೇಲ್ ಮಾಡಿ, ಪ್ರತಿಯನ್ನು ಮೇಲಧಿಕಾರಿಗೂ ಕಳುಹಿಸುತ್ತಿದ್ದ. ಆತ ಚಾಡಿಕೋರ ಎಂದು ತೀರ್ಮಾನಿಸಿ ಒಂದು ವರ್ಷ ಮುಖ ಕೊಟ್ಟು ಮಾತಾಡಲಿಲ್ಲ. ಆತ ಕೆಲಸ ಬಿಟ್ಟು ಹೋಗುವ ವಾರ ಗೊತ್ತಾಯಿತು: ಹೊಸಬರ ತಪ್ಪುಗಳನ್ನೆಲ್ಲ ತನಗೆ ತಿಳಿಸಬೇಕೆಂದು ಮೇಲಧಿಕಾರಿಯೇ ಕಟ್ಟಪ್ಪಣೆ ಮಾಡಿದ್ದರು. ಗುಟ್ಟಾಗಿ ವರದಿ ಮಾಡಲು ಮನಸ್ಸೊಪ್ಪದೆ, ನನಗೂ ತಿಳಿದಿರಲಿ ಎಂದೇ ಆತ ಇಬ್ಬರಿಗೂ ಕಳುಹಿಸುತ್ತಿದ್ದ. ಆ ಕಚೇರಿಯಲ್ಲಿ ನನ್ನ ಜೊತೆ ಪ್ರಾಮಾಣಿಕವಾಗಿ ನಡೆದುಕೊಂಡ ಕೆಲವೇ ಜನರಲ್ಲಿ ಒಬ್ಬನನ್ನು ನಾನು ಹಾಗೆ ಕಳೆದುಕೊಂಡೆ. ಅಂದಿನಿಂದ, ಯಾರ ಮೇಲಾದರೂ ತೀರ್ಪು ಬರೆಯುವ ಮೊದಲು "ಅವನ ಕುರ್ಚಿಯಲ್ಲಿ ಕುಳಿತರೆ ಏನು ಕಾಣುತ್ತದೆ?" ಎಂದು ಕೇಳಿಕೊಳ್ಳುತ್ತೇನೆ. ಯಾವಾಗಲೂ ಅಲ್ಲ, ನೆನಪಾದಾಗ.

ಊಟಕ್ಕೆ ಎಲ್ಲರೂ ಒಟ್ಟಿಗೆ ಹೋಗುತ್ತಾರೆ, ನನ್ನನ್ನು ಕರೆಯುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ನೋವೇಕೆ?

ಅದು ಸಣ್ಣ ವಿಷಯವಲ್ಲ, ಅದಕ್ಕೆ.

ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞ ಒಮ್ಮೆ ಉದ್ಯಾನದಲ್ಲಿ ಕುಳಿತಿದ್ದಾಗ ಎಸೆದು ಆಡುವ ಪ್ಲಾಸ್ಟಿಕ್ ತಟ್ಟೆಯೊಂದು (ಫ್ರಿಸ್ಬಿ) ಬಂದು ತಗುಲಿತಂತೆ. ಆಡುತ್ತಿದ್ದ ಇಬ್ಬರು ಅಪರಿಚಿತರಿಗೆ ಅದನ್ನು ಎಸೆದರು. ಅವರು ಇವರತ್ತ ಮತ್ತೆ ಎಸೆದರು. ಸ್ವಲ್ಪ ಹೊತ್ತು ಮೂವರೂ ಆಡಿದರು. ಆಮೇಲೆ ಆ ಇಬ್ಬರು ಇವರತ್ತ ಎಸೆಯುವುದನ್ನು ನಿಲ್ಲಿಸಿಬಿಟ್ಟರು. ಹೆಸರು ಗೊತ್ತಿಲ್ಲದವರು ಆಟದಿಂದ ಬಿಟ್ಟರೂ ಎಷ್ಟು ಚುಚ್ಚಿತು ಎಂಬ ಅಚ್ಚರಿಯಿಂದ ಹುಟ್ಟಿದ್ದು ಅವರ ಪ್ರಯೋಗ: ಕಂಪ್ಯೂಟರ್ ಪರದೆಯ ಮೇಲೆ ಮೂವರ ಚೆಂಡಾಟ, ಸ್ವಲ್ಪ ಹೊತ್ತಿನ ನಂತರ ಒಬ್ಬರಿಗೆ ಚೆಂಡೇ ಬಾರದು. ಎದುರು ಆಡುತ್ತಿರುವುದು ಮನುಷ್ಯರಲ್ಲ, ಬರೀ ಯಂತ್ರ ಎಂದು ಮೊದಲೇ ಹೇಳಿದಾಗಲೂ ಆಟಗಾರರಿಗೆ ನೋವಾಯಿತು. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಜೊತೆಗೂಡಿ ಇದೇ ಆಟವನ್ನು ಮಿದುಳಿನ ಸ್ಕ್ಯಾನಿಂಗ್ ಯಂತ್ರದೊಳಗೆ ಆಡಿಸಿದಾಗ, ದೈಹಿಕ ನೋವಿನ ಸಂಕಟದಲ್ಲಿ ಪಾಲ್ಗೊಳ್ಳುವ ಭಾಗವೊಂದು ಇಲ್ಲಿಯೂ ಚುರುಕಾದದ್ದು ಕಂಡಿತು.

ಇದರಿಂದ ನನಗೆ ಸಿಕ್ಕ ಸಮಾಧಾನ ಒಂದೇ, ಆದರೆ ದೊಡ್ಡದು. ಯಂತ್ರ ಚೆಂಡು ಎಸೆಯದಿದ್ದರೂ ನೋಯುತ್ತದೆ ಎಂದಾದರೆ, ನೋವು ನನ್ನ ಯೋಗ್ಯತೆಯ ಕುರಿತ ತೀರ್ಪಲ್ಲ. ಗುಂಪಿನಿಂದ ಹೊರಗಾಗುತ್ತಿದ್ದೀಯೆ ಎಂದು ಮೈ ಬಾರಿಸುವ ಗಂಟೆ. ಮಾರ್ಕ್ ಲಿಯರಿ ಎಂಬವರು 1990ರ ದಶಕದಲ್ಲಿ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದರು: ನಮ್ಮ ಬಗ್ಗೆ ನಮಗಿರುವ ಬೆಲೆಯ ಭಾವನೆ, ಇತರರು ನಮ್ಮನ್ನು ಎಷ್ಟು ಸೇರಿಸಿಕೊಳ್ಳುತ್ತಿದ್ದಾರೆ ಎಂದು ತೋರಿಸುವ ಮಾಪಕ. ಗಾಡಿಯ ಇಂಧನದ ಮುಳ್ಳು ಕೆಳಗಿಳಿದರೆ ಗಾಡಿ ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ, ತುಂಬಿಸಿಕೊಳ್ಳಲು ಬೇರೆ ಜಾಗ ಹುಡುಕುತ್ತಾರೆ.

ಹಾಗೆಂದು ಅವರ ಮೇಜಿಗೆ ನೀವಾಗಿ ಹೋಗಬಾರದೆಂದೇನಿಲ್ಲ. ಒಂದೆರಡು ಸಲ ಹೋಗಿ ನೋಡಿ. ಎಷ್ಟೋ ಗುಂಪುಗಳು ಹಗೆಯಿಂದಲ್ಲ, ಸೋಮಾರಿತನದಿಂದ ಮುಚ್ಚಿಕೊಂಡಿರುತ್ತವೆ. ಮೂರನೇ ಸಲವೂ ಮಾತು ನಿಂತುಹೋದರೆ ಪುಸ್ತಕ ತೆಗೆದುಕೊಂಡು ಬೇರೆ ಕಡೆ ಕುಳಿತುಕೊಳ್ಳಿ. ನಾನು ಆ ಮೂರು ವರ್ಷಗಳಲ್ಲಿ ಓದಿದಷ್ಟು ಮತ್ತೆಂದೂ ಓದಿಲ್ಲ.

ಎಲ್ಲರೂ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ.

ಅಷ್ಟು ಪುರುಸೊತ್ತು ಅವರಿಗಿಲ್ಲ. ಮುಜುಗರ ತರಿಸುವ ಚಿತ್ರವಿರುವ ಅಂಗಿ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಗೆ ಕಳುಹಿಸಿದ ಪ್ರಯೋಗವನ್ನು ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅಂಗಿಯ ಚಿತ್ರವನ್ನು ಗಮನಿಸಿದ್ದಾರೆ ಎಂದು ತೊಟ್ಟವರು ಎಣಿಸಿದರು. ಗಮನಿಸಿದವರು ಕಾಲು ಭಾಗದಷ್ಟೂ ಇರಲಿಲ್ಲ ಎನ್ನಬಹುದು. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು ಇನ್ನೊಂದನ್ನು ತೋರಿಸಿದರು: ಹೊಸಬರೊಡನೆ ಮಾತಾಡಿ ಎದ್ದವರು, ಎದುರಿನವರಿಗೆ ತಾವು ನಿಜಕ್ಕೂ ಎಷ್ಟು ಹಿಡಿಸಿದ್ದೇವೋ ಅದಕ್ಕಿಂತ ಕಡಿಮೆ ಹಿಡಿಸಿದ್ದೇವೆ ಎಂದುಕೊಳ್ಳುತ್ತಾರೆ.

ಒಂದು ಮಾತು. ನೀವು ಒಳಬಂದ ಕೂಡಲೇ ಮಾತು ನಿಲ್ಲುವುದು ಒಮ್ಮೆಯಾದರೆ ಕಾಕತಾಳೀಯ. ವಾರಕ್ಕೆ ನಾಲ್ಕು ಸಲವಾದರೆ ನಿಮ್ಮ ಅನುಮಾನವನ್ನು ಗೌರವಿಸಿ, ಮುಂದಿನ ಪ್ರಶ್ನೆ ಓದಿ.

ಇದು ಬರೀ ಬಿಗುವೋ, ಕಿರುಕುಳವೋ? ಹೇಗೆ ತಿಳಿಯುವುದು?

ಬಿಗುವಾದ ಜಾಗದಲ್ಲಿ ನಿಮ್ಮನ್ನು ಯಾರೂ ಹತ್ತಿರ ಸೇರಿಸುವುದಿಲ್ಲ, ಆದರೆ ಕೆಲಸಕ್ಕೆ ಬೇಕಾದ ಕಾಗದ ಬರುತ್ತದೆ, ಮೀಟಿಂಗಿನ ಸಮಯ ತಿಳಿಯುತ್ತದೆ, ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಕಿರುಕುಳದಲ್ಲಿ ನಿಮ್ಮ ಕೆಲಸವೇ ಗುರಿ: ಮಾಹಿತಿ ತಡೆಹಿಡಿಯುವುದು, ಆಗದ ಗಡುವು ಕೊಟ್ಟು ಆಗಲಿಲ್ಲವೆಂದು ಎಲ್ಲರೆದುರು ಹಂಗಿಸುವುದು, ಕೈಯಲ್ಲಿದ್ದ ಜವಾಬ್ದಾರಿಯನ್ನು ಕಾರಣ ಹೇಳದೆ ಕಿತ್ತುಕೊಳ್ಳುವುದು, ಆಡಿದ ಮಾತನ್ನು ಆಡಲೇ ಇಲ್ಲವೆನ್ನುವುದು. ಒಬ್ಬ ಕೆಲಸಗಾರನ ಮೇಲೆ ಗುಂಪುಕಟ್ಟಿ ತಿಂಗಳುಗಟ್ಟಲೆ ನಡೆಯುವ ಇಂಥ ಹಿಂಸೆಯನ್ನು 1980ರ ದಶಕದಲ್ಲಿ ಸ್ವೀಡನ್ನಿನ ಹೈನ್ಸ್ ಲೇಮನ್ ಮೊದಲ ಬಾರಿಗೆ ಕ್ರಮವಾಗಿ ಅಧ್ಯಯನ ಮಾಡಿದರು. 1993ರಲ್ಲಿ ಆ ದೇಶ ಇದರ ವಿರುದ್ಧ ನಿಯಮವನ್ನೇ ತಂದಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ ಇನ್ನೂ ಮುಂದೆ ಹೋಗಿ, ಒಂದೇ ಸಲ ನಡೆದರೂ ಅದು ಹಿಂಸೆ ಅಥವಾ ಕಿರುಕುಳ ಆಗಬಹುದು ಎನ್ನುತ್ತದೆ. ಅದನ್ನು ಒಪ್ಪಿ ಸಹಿ ಹಾಕಿದ ದೇಶಗಳಲ್ಲಿ ನೀವಿದ್ದೀರೋ ಇಲ್ಲವೋ, "ಇದೆಲ್ಲ ಕಚೇರಿಯಲ್ಲಿ ಇದ್ದದ್ದೇ" ಎನ್ನುವವರಿಗೆ ಇದನ್ನು ತೋರಿಸಬಹುದು.

ಬರೆದಿಡಿ. ತಾರೀಖು, ಸಮಯ, ಆಡಿದ ಮಾತು ಆಡಿದಂತೆಯೇ, ಯಾರ್ಯಾರು ಇದ್ದರು. ನಿಮಗೆ ಏನನ್ನಿಸಿತು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆಯಿರಿ, ಎರಡನ್ನೂ ಬೆರೆಸಬೇಡಿ. ಬಾಯಲ್ಲಿ ಬಂದ ಆದೇಶವನ್ನು "ಈಗ ತಾವು ಹೇಳಿದಂತೆ ಇದನ್ನು ಶುಕ್ರವಾರದೊಳಗೆ ಮುಗಿಸುತ್ತೇನೆ" ಎಂದು ಒಂದು ಸಾಲಿನ ಇಮೇಲಿನಲ್ಲಿ ಮರಳಿಸಿ. ದಾಖಲೆ ದೂರಿಗೆ ಮಾತ್ರವಲ್ಲ. ನಡೆದದ್ದು ನಡೆದಿತ್ತು ಎಂಬ ನಂಬಿಕೆ ನಿಮ್ಮಲ್ಲೇ ಸಡಿಲವಾಗುವ ದಿನ ಬರುತ್ತದೆ. ಅಂದು ಅದನ್ನು ತೆಗೆದು ಓದುವುದು ನೀವೇ.

ಇಂಥ ಜಾಗದಲ್ಲಿ ನನ್ನ ಬೆಲೆ ನನ್ನ ಕಣ್ಣಲ್ಲೇ ಇಳಿಯದಂತೆ ನೋಡಿಕೊಳ್ಳುವುದು ಹೇಗೆ?

ಮೊದಲು, ಮಾಡಬಾರದ್ದನ್ನು ಹೇಳಿಬಿಡುತ್ತೇನೆ. ಕನ್ನಡಿಯ ಮುಂದೆ ನಿಂತು "ನಾನು ಶ್ರೇಷ್ಠ, ನಾನು ಸಮರ್ಥ" ಎಂದು ಜಪಿಸಬೇಡಿ. ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪರೀಕ್ಷಿಸಿದಾಗ, ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರು ಇಂಥ ವಾಕ್ಯಗಳನ್ನು ಹೇಳಿಕೊಂಡ ಮೇಲೆ ಇನ್ನಷ್ಟು ಕುಗ್ಗಿದ್ದು ಕಂಡುಬಂತು. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ನಂಬದ ಮಾತನ್ನು ಹೇಳಿದೊಡನೆ ಒಳಗಿನ ವಕೀಲ ಎದ್ದು ನಿಂತು ಪ್ರತಿವಾದ ಶುರುಮಾಡುತ್ತಾನೆ.

ನನಗೆ ಉಪಯೋಗಕ್ಕೆ ಬಂದದ್ದು ಇನ್ನೂ ಸಪ್ಪೆಯಾದ ಒಂದು ಅಭ್ಯಾಸ. ಸಂಜೆ ಹೊರಡುವ ಮೊದಲು ಒಂದು ಸಣ್ಣ ನೋಟ್‌ಪುಸ್ತಕದಲ್ಲಿ ಆ ದಿನ ನಾನು ಸರಿಯಾಗಿ ಮಾಡಿದ ಒಂದು ಕೆಲಸವನ್ನು ಬರೆಯುತ್ತಿದ್ದೆ. ಹೊಗಳಿಕೆ ಬಂದದ್ದನ್ನಲ್ಲ, ಮಾಡಿದ್ದನ್ನು. "ಮೂರನೇ ಕೋಷ್ಟಕದಲ್ಲಿ ಎರಡು ಸಲ ಸೇರಿದ್ದ ಮೊತ್ತ ಹಿಡಿದೆ." "ದೂರವಾಣಿಯಲ್ಲಿ ಕೂಗಾಡಿದವರಿಗೆ ದನಿ ಏರಿಸದೆ ಉತ್ತರಿಸಿದೆ." ಯಾರಿಗೂ ತೋರಿಸುವ ಪುಸ್ತಕವಲ್ಲ. ಆರು ತಿಂಗಳ ನಂತರ ವಾರ್ಷಿಕ ಮೌಲ್ಯಮಾಪನದಲ್ಲಿ "ಸಾಧಾರಣ" ಎಂಬ ಷರಾ ಬಂದಾಗ, ನನ್ನ ಬಳಿ ನೂರಕ್ಕೂ ಹೆಚ್ಚು ಸಾಲುಗಳ ಇನ್ನೊಂದು ಸಾಕ್ಷ್ಯವಿತ್ತು. ಷರಾ ಬದಲಾಗಲಿಲ್ಲ. ಅಂದು ರಾತ್ರಿ ನಿದ್ದೆ ಮಾತ್ರ ಬಂತು.

ಎರಡನೆಯದು, ಎಲ್ಲ ಹಣವನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡದಂತೆ ಬೆಲೆಯನ್ನೂ ಒಂದೇ ಕಡೆ ಇಡಬೇಡಿ. ಜನ ತಮ್ಮ ಬೆಲೆಯನ್ನು ಬೇರೆ ಬೇರೆ ಗೂಟಗಳಿಗೆ ಕಟ್ಟಿರುತ್ತಾರೆ ಎಂದು ಜೆನಿಫರ್ ಕ್ರಾಕರ್ ಮತ್ತು ಕೋನಿ ವುಲ್ಫ್ 2001ರಲ್ಲಿ ವಿವರಿಸಿದರು: ಇತರರ ಒಪ್ಪಿಗೆ, ಸ್ಪರ್ಧೆಯಲ್ಲಿ ಗೆಲುವು, ರೂಪ, ಕುಟುಂಬದ ಪ್ರೀತಿ, ನೀತಿ, ದೇವರ ಪ್ರೀತಿ. ಮೊದಲ ಗೂಟಕ್ಕೆ ಕಟ್ಟಿದವರು ಒಲ್ಲದ ಕಚೇರಿಗೆ ಬಂದರೆ ದಿನವೂ ಸಾಯುತ್ತಾರೆ, ಏಕೆಂದರೆ ಆ ಗೂಟ ಇನ್ನೊಬ್ಬರ ಅಂಗಳದಲ್ಲಿದೆ. ಕ್ಲಾಡ್ ಸ್ಟೀಲ್ 1988ರಲ್ಲೇ ಹೇಳಿದ್ದು ಇದಕ್ಕೆ ಪೂರಕ: ಒಂದು ಕಡೆ ಪೆಟ್ಟು ಬಿದ್ದಾಗ, ಅದಕ್ಕೆ ಸಂಬಂಧವೇ ಇಲ್ಲದ, ಆದರೆ ತನಗೆ ಮುಖ್ಯವಾದ ಇನ್ನೊಂದು ಮೌಲ್ಯವನ್ನು ಮನಸ್ಸಿಗೆ ತಂದುಕೊಂಡರೂ ಮನುಷ್ಯ ಸಾವರಿಸಿಕೊಳ್ಳುತ್ತಾನೆ. ನನ್ನ ಮಟ್ಟಿಗೆ ಅದು ವಾರಕ್ಕೆ ಎರಡು ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಡುವುದಾಗಿತ್ತು. ಆ ಮಕ್ಕಳಿಗೆ ನನ್ನ ಹುದ್ದೆ ಏನೆಂಬುದು ಗೊತ್ತೂ ಇರಲಿಲ್ಲ, ಬೇಕೂ ಇರಲಿಲ್ಲ. ನಿಮಗೆ ಅದು ಹಾಡಿರಬಹುದು, ತೋಟವಿರಬಹುದು, ವಯಸ್ಸಾದ ತಾಯಿಯ ಆರೈಕೆ ಇರಬಹುದು.

ಮೂರನೆಯದು ಕೆಲಸವೇ. ಅಲ್ಲಿನವರು ಕೆಟ್ಟವರೆಂದು ಕೆಲಸವನ್ನು ಕೆಡಿಸಬೇಡಿ. ಇದು ಅವರಿಗಾಗಿ ಹೇಳುವ ಮಾತಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮನೆಯಲ್ಲೂ ಗಿಡ ತನ್ನ ಗುಣ ಬಿಡುವುದಿಲ್ಲ. ಬಿಟ್ಟರೆ ನಷ್ಟ ಗಿಡಕ್ಕೆ. ಸಿಟ್ಟಿನಲ್ಲಿ ನಾನು ಎರಡು ತಿಂಗಳು ಕೈ ಬಿಗಿಹಿಡಿದು ಅರೆಬರೆ ಕೆಲಸ ಮಾಡಿದ್ದೆ. ಯಾರಿಗೂ ಅದು ಗೊತ್ತಾಗಲಿಲ್ಲ, ನನಗೊಬ್ಬನಿಗೆ ಗೊತ್ತಿತ್ತು. ಅವರು ಮೂರು ವರ್ಷಗಳಲ್ಲಿ ಮಾಡಲಾಗದ್ದನ್ನು ಆ ಎರಡು ತಿಂಗಳಲ್ಲಿ ನನಗೆ ನಾನೇ ಮಾಡಿಕೊಂಡಿದ್ದೆ.

ಸ್ವಾಭಿಮಾನ ಮತ್ತು ಅಹಂಕಾರಕ್ಕೆ ಏನು ವ್ಯತ್ಯಾಸ?

ಅಹಂಕಾರಕ್ಕೆ ನೋಡುವವರು ಬೇಕು.

ಟೀಕೆಯಲ್ಲಿ ನಿಜ ಎಷ್ಟು, ವಿಷ ಎಷ್ಟು ಎಂದು ಬೇರ್ಪಡಿಸುವುದು ಹೇಗೆ?

ಟೀಕೆ ಒಂದು ಕೆಲಸವನ್ನು ಹೆಸರಿಸುತ್ತದೆಯೇ ಎಂದು ನೋಡಿ. "ಎರಡನೇ ಪುಟದಲ್ಲಿ ನಿಮ್ಮ ತೀರ್ಮಾನಕ್ಕೆ ಆಧಾರವಿಲ್ಲ" ಎಂಬುದನ್ನು ಶತ್ರು ಹೇಳಿದರೂ ತೆಗೆದುಕೊಳ್ಳಿ, ತಿದ್ದಿಕೊಳ್ಳಿ, ಆದರೆ ಕೃತಜ್ಞತೆಯಿಂದ ಕುಗ್ಗಬೇಡಿ. "ನಿಮಗೆ ಈ ಕೆಲಸದ ಮನೋಭಾವವೇ ಇಲ್ಲ" ಎಂಬುದರಲ್ಲಿ ತಿದ್ದಲು ಏನಿದೆ? "ಯಾವ ಸಂದರ್ಭದಲ್ಲಿ ಹಾಗನ್ನಿಸಿತು, ಹೇಳಿದರೆ ಸರಿಪಡಿಸಿಕೊಳ್ಳುತ್ತೇನೆ" ಎಂದು ಶಾಂತವಾಗಿ ಕೇಳಿ. ನಿಜವಾದ ಟೀಕಾಕಾರರು ಸಂದರ್ಭ ಹೇಳುತ್ತಾರೆ. ಉಳಿದವರು ಸಿಟ್ಟಾಗುತ್ತಾರೆ ಅಥವಾ ಮಾತು ಬದಲಿಸುತ್ತಾರೆ, ಎರಡೂ ಉತ್ತರವೇ.

ನಾನು ಈ ಹುದ್ದೆಗೆ ಅರ್ಹನೇ ಅಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ ಎಂಬ ಭಯವಿದೆ.

1978ರಲ್ಲಿ ಪೌಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಇದೇ ಭಯವನ್ನು ಸಾಧನೆ ಮಾಡಿದ ಮಹಿಳೆಯರಲ್ಲಿ ಕಂಡು ದಾಖಲಿಸಿದರು: ಪದವಿ, ಬಹುಮಾನ, ಹೆಸರು ಎಲ್ಲ ಇದ್ದೂ, ತಾವು ಎಲ್ಲರನ್ನೂ ಹೇಗೋ ಯಾಮಾರಿಸಿದ್ದೇವೆ ಎಂದುಕೊಂಡವರು. ಪುರುಷರಲ್ಲೂ ಅದು ಇದೆ ಎಂದು ಆಮೇಲೆ ಗೊತ್ತಾಯಿತು. ನನ್ನ ತಕರಾರು ಒಂದೇ. ಇದನ್ನು ಬರೀ ನಿಮ್ಮ ತಲೆಯೊಳಗಿನ ದೋಷವೆಂದು ನೋಡಬೇಡಿ. ಪ್ರತಿದಿನ ನೀವು ಇಲ್ಲಿಯವರಲ್ಲ ಎಂದು ಸನ್ನೆ ಮಾಡುವ ಜಾಗದಲ್ಲಿ, ನಾನು ಇಲ್ಲಿಯವನಲ್ಲ ಎಂದು ಅನ್ನಿಸುವುದು ರೋಗವಲ್ಲ, ಕಣ್ಣು ಸರಿಯಿದೆ ಎಂದರ್ಥ. ಆದರೆ "ನನ್ನನ್ನು ಇಲ್ಲಿ ಒಪ್ಪಿಲ್ಲ" ಎಂಬುದರಿಂದ "ನನಗೆ ಕೆಲಸ ಬಾರದು" ಎಂಬಲ್ಲಿಗೆ ಜಿಗಿಯಬೇಡಿ. ಆ ಎರಡರ ನಡುವೆ ಸೇತುವೆಯಿಲ್ಲ.

ಕಚೇರಿಯಲ್ಲಿ ನಾನು ನಾನಾಗಿಯೇ ಇರಬೇಕೇ? ಮುಖವಾಡ ಹಾಕಿದರೆ ನಾನೂ ಕಪಟಿಯಾಗುವುದಿಲ್ಲವೇ?

"ನೀವು ನೀವಾಗಿರಿ" ಎಂಬ ಬುದ್ಧಿವಾದ ಒಳ್ಳೆಯ ಜಾಗದಲ್ಲಿ ಕುಳಿತವರು ಕೊಡುವಂಥದ್ದು. ಒಲ್ಲದ ಜಾಗದಲ್ಲಿ ಮನಸ್ಸನ್ನು ಪೂರ್ತಿ ತೆರೆದಿಡುವುದು ಪ್ರಾಮಾಣಿಕತೆಯಲ್ಲ, ಅಜಾಗರೂಕತೆ. ಹೇಳಿದ್ದು ನಿಜವಾಗಿರಲಿ, ನಿಜವನ್ನೆಲ್ಲ ಹೇಳಬೇಕಿಲ್ಲ.

ಆದರೆ ಮುಖವಾಡಕ್ಕೂ ಬಾಡಿಗೆ ಕಟ್ಟಬೇಕು. ಆರ್ಲಿ ಹಾಕ್‌ಶೀಲ್ಡ್ ವಿಮಾನ ಪರಿಚಾರಕಿಯರ ಕೆಲಸವನ್ನು ಅಧ್ಯಯನ ಮಾಡಿ, 1983ರಲ್ಲಿ ಭಾವನೆಯ ದುಡಿಮೆ ಎಂಬುದನ್ನು ವಿವರಿಸಿದರು: ಇಲ್ಲದ ಭಾವವನ್ನು ಮುಖದ ಮೇಲೆ ತಂದುಕೊಳ್ಳುವುದೂ ಮೈ ದಣಿಸುವ ಕೆಲಸವೇ. ಹಾಗಾಗಿ ಮುಖವಾಡ ತೆಳ್ಳಗಿರಲಿ. ಸೌಜನ್ಯ ಇರಲಿ, ಸಂಭ್ರಮ ಬೇಡ. ಇಷ್ಟವಿಲ್ಲದ ಹಾಸ್ಯಕ್ಕೆ ಸುಮ್ಮನಿದ್ದರೆ ಸಾಕು, ನಗಬೇಕಿಲ್ಲ. ನಗದೆ ಇರುವುದನ್ನು ಕಲಿಯಲು ನನಗೆ ವರ್ಷ ಹಿಡಿಯಿತು.

ಅವರಂತೆ ನಾನೂ ಮುಖಸ್ತುತಿ ಮಾಡಿದರೆ ಕೆಲಸ ಸುಲಭವಾಗುವುದಿಲ್ಲವೇ?

ಆಗುತ್ತದೆ. ಆಮೇಲೆ ನಿಮ್ಮನ್ನು ಯಾರಾದರೂ ಹೊಗಳಿದಾಗ ನಂಬುವ ಸುಖ ಹೋಗುತ್ತದೆ. ಒಳ್ಳೆಯ ಕೆಲಸ ಕಂಡಾಗ, ಮಾಡಿದವರು ಯಾರೇ ಆಗಿರಲಿ, ಒಂದೇ ವಾಕ್ಯದಲ್ಲಿ ಹೇಳಿಬಿಡಿ. ಅದು ಸ್ತುತಿಯಲ್ಲ.

ಒಬ್ಬರಾದರೂ ಜೊತೆಗಿರಬೇಕೇ, ಒಂಟಿಯಾಗಿ ಸಾಗಲಾಗದೇ?

ಸಾಗಬಹುದು, ಆದರೆ ಒಬ್ಬರಿದ್ದರೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಸೊಲೊಮನ್ ಆಶ್ ಅವರ 1950ರ ದಶಕದ ಪ್ರಯೋಗ ಸಾಕ್ಷಿ. ಗೆರೆಗಳ ಉದ್ದ ಹೋಲಿಸುವ ಸುಲಭದ ಪ್ರಶ್ನೆ. ಕೋಣೆಯಲ್ಲಿ ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಸುಮಾರು ಮೂರರಲ್ಲಿ ಒಂದು ಸಲ ಜನ ತಮ್ಮ ಕಣ್ಣನ್ನು ಬಿಟ್ಟು ಗುಂಪಿನೊಡನೆ ಹೋದರು. ಸರಿಯಾದ ಉತ್ತರ ಹೇಳುವ ಒಬ್ಬನೇ ಒಬ್ಬ ಇದ್ದಾಗ ಅದು ಮೊದಲಿದ್ದದ್ದರ ಕಾಲು ಭಾಗಕ್ಕೆ ಇಳಿಯಿತು. ಆ ಒಬ್ಬರು ನಿಮ್ಮ ವಿಭಾಗದವರೇ ಆಗಬೇಕಿಲ್ಲ. ನನಗೆ ಸಿಕ್ಕವರು ಬೇರೆ ಮಹಡಿಯ ದಾಖಲೆ ಕೋಣೆಯವರು. ವಾರಕ್ಕೊಮ್ಮೆ ಹತ್ತು ನಿಮಿಷ. ನನ್ನ ಕಥೆ ಕೇಳಿ ಅವರು ಸಲಹೆ ಕೊಡುತ್ತಿರಲಿಲ್ಲ, "ಹೌದು, ಅದು ಸರಿಯಲ್ಲ" ಎನ್ನುತ್ತಿದ್ದರು. ಕಣ್ಣು ಸರಿಯಿದೆ ಎಂದು ಯಾರಾದರೂ ಹೇಳಿದರೆ ಸಾಕಿತ್ತು.

ಯಾವಾಗ ಬಿಡಬೇಕು?

ಸಾಲವಿದೆ, ಮನೆಯವರಿದ್ದಾರೆ ಎಂಬ ಕಾರಣಕ್ಕೆ ಉಳಿಯುವುದು ಹೇಡಿತನವಲ್ಲ. "ಆತ್ಮಗೌರವ ಮುಖ್ಯ, ರಾಜೀನಾಮೆ ಬಿಸಾಡಿ" ಎನ್ನುವವರು ನಿಮ್ಮ ತಿಂಗಳ ಕಂತು ಕಟ್ಟುವುದಿಲ್ಲ. ಉಳಿಯುವುದಾದರೆ ಲೆಕ್ಕ ಹಾಕಿ ಉಳಿಯಿರಿ: ಎಷ್ಟು ತಿಂಗಳು, ಏನನ್ನು ಕಲಿಯಲು, ಎಷ್ಟು ಉಳಿತಾಯವಾಗುವವರೆಗೆ. ಅವಧಿ ಗೊತ್ತಿರುವ ಕಷ್ಟಕ್ಕೆ ಬೆನ್ನು ಬೇರೆ ರೀತಿ ಗಟ್ಟಿಯಾಗುತ್ತದೆ.

ಆದರೆ ಕೆಲವು ಗುರುತುಗಳು ಕಂಡರೆ ಲೆಕ್ಕವನ್ನು ಮುಂಚೆಯೇ ಮುಗಿಸಿ. ವಾರದ ರಜೆಯ ಸಂಜೆಯೇ ಎದೆ ಬಿಗಿಯುವುದು, ನಿದ್ದೆ ತಿಂಗಳುಗಟ್ಟಲೆ ಕೆಡುವುದು, ಮನೆಯವರ ಮೇಲೆ ಕಾರಣವಿಲ್ಲದೆ ರೇಗುವುದು. ಇವು ಬಂದರೆ ವೈದ್ಯರನ್ನೂ ಕಾಣಿ, ಅದನ್ನು ಮುಂದೂಡಬೇಡಿ. ನನ್ನ ಮಟ್ಟಿಗೆ ಗುರುತು ಬೇರೆಯದಾಗಿತ್ತು. ಒಂದು ಮಧ್ಯಾಹ್ನ ಹೊಸದಾಗಿ ಸೇರಿದ ಹುಡುಗನೊಬ್ಬನ ಉಚ್ಚಾರಣೆಯನ್ನು ಯಾರೋ ಅಣಕಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡೂವರೆ ವರ್ಷಗಳ ನಂತರ ಮೊದಲ ಬಾರಿಗೆ ಅವರು ನನ್ನತ್ತ ನೋಡಿ, ತಮ್ಮವನೆಂಬಂತೆ ತಲೆಯಾಡಿಸಿದರು. ಆರು ತಿಂಗಳಲ್ಲಿ ಬೇರೆ ಕೆಲಸ ಹುಡುಕಿಕೊಂಡೆ.

ಬಿಟ್ಟ ಮೇಲೂ ಆ ಕಚೇರಿ ತಲೆಯಿಂದ ಹೋಗುತ್ತಿಲ್ಲ.

ಕೆಲವು ದಿನ ಹಾಗೆಯೇ ಇರುತ್ತದೆ. ಹೊಸ ಜಾಗದ ಒಳ್ಳೆಯ ಮಾತಿನಲ್ಲೂ ಹಳೆಯ ಕೊಕ್ಕೆ ಹುಡುಕುತ್ತೀರಿ. ಬರೆಯುವುದು ಸಹಾಯ ಮಾಡುತ್ತದೆ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಕಳೆದುಕೊಂಡ ಎಂಜಿನಿಯರುಗಳಲ್ಲಿ ತಮ್ಮ ಸಿಟ್ಟು, ಅವಮಾನವನ್ನು ಮನಬಿಚ್ಚಿ ಬರೆದವರಿಗೆ ಬರೆಯದವರಿಗಿಂತ ಬೇಗ ಹೊಸ ಕೆಲಸ ಸಿಕ್ಕಿತು. ಬರೆದದ್ದನ್ನು ಯಾರಿಗೂ ಕಳುಹಿಸಬೇಡಿ, ಅಷ್ಟೇ.

ಆ ಹುಡುಗನ ವಿಷಯ? ಅವನಿಗೆ ಆಮೇಲೆ ಏನಾದರೂ ಹೇಳಿದಿರಾ?

ಇದನ್ನು ಕೇಳುವವರು ಹೆಚ್ಚಿಲ್ಲ, ಆದರೆ ಕೇಳುತ್ತಾರೆ. ನನ್ನ ಕೊನೆಯ ದಿನ ಅವನ ಮೇಜಿನ ಬಳಿ ಹೋಗಿ ಅಂದು ನಾನು ನಕ್ಕದ್ದು ತಪ್ಪು ಎಂದೆ. ಅವನಿಗೆ ನೆನಪಿರಲಿಕ್ಕಿಲ್ಲ ಎಂದುಕೊಂಡಿದ್ದೆ. "ನೀವು ಕಿಟಕಿಯ ಪಕ್ಕ ನಿಂತಿದ್ದಿರಿ" ಎಂದ. ಆಮೇಲೆ ತನ್ನ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ನಿಧಾನವಾಗಿ, ಎರಡು ಸಲ ಹೇಳಿಕೊಟ್ಟ.